ಏಳನೇ ಗುಂಡಿಯ ಹೊಳಪು

ಮೇ 6, ಬುಧವಾರ. ಸಂಜೆ ಐದೂವರೆ

ಅಕ್ಷರ ಚೆನ್ನಾಗಿಲ್ಲ. ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ, ಕ್ಷಮಿಸಬೇಕು. ಯಾರು ಕ್ಷಮಿಸಬೇಕೋ ಗೊತ್ತಿಲ್ಲ. ಇದನ್ನು ಯಾರಿಗೂ ತೋರಿಸುವುದಿಲ್ಲವಲ್ಲ.

ನೋಟ್‌ಬುಕ್ ಮಣ್ಣಿನ ಸಾರ್ ಕೊಟ್ಟದ್ದು. ಪ್ರತಿ ಪುಟದಲ್ಲೂ 'ಗುಂಡಿ ಸಂಖ್ಯೆ', 'ಆಳ', 'ಬಣ್ಣ' ಎಂದು ಅಚ್ಚಾಗಿದೆ. ಹಳೆಯ ನಮೂನೆಯಂತೆ, ಆಫೀಸಿಗೆ ಬೇಡವಾಗಿದೆ. ಆ ಅಚ್ಚಿನ ಮೇಲೆಯೇ ಬರೆಯುತ್ತಿದ್ದೇನೆ.

ಇವತ್ತು ನಾಲ್ಕನೇ ಗುಂಡಿ. ಊರಿನ ಕೊಳಚೆ ನೀರು ಸಾಗಿಸಲು ನದಿ ಬಯಲಿನಲ್ಲಿ ದೊಡ್ಡ ಪೈಪ್ ಹೂಳುತ್ತಾರೆ. ಎರಡಾಳು ಆಳದ ಟ್ರೆಂಚ್ ಬರುತ್ತದೆ. ಅದಕ್ಕೆ ಮೊದಲು ದಾರಿಯುದ್ದಕ್ಕೂ ಒಂಬತ್ತು ಗುಂಡಿ ತೋಡಿ, ಎಲ್ಲಿ ಮಣ್ಣು ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ಸಾರ್ ಬರೆದುಕೊಡಬೇಕು. ತೋಡುವವರು ಇಬ್ಬರು. ಗುಂಡಿಯ ಒಂದು ಗೋಡೆಯನ್ನು ಸಾರ್ ನೋಡಲು ಸಿದ್ಧ ಮಾಡುವುದು ನಾನು. ಎರಡು ತಿಂಗಳಿಂದ ಬರೀ ಚೀಲಕ್ಕೆ ಮಣ್ಣು ತುಂಬುತ್ತಿದ್ದೆ. ಗೋಡೆ ಸಿಕ್ಕಿದ್ದು ಇವತ್ತೇ ಮೊದಲು.

ಅಪ್ಪ ಗಾರೆ ಕೆಲಸದವರು. ಭುಜ ಹಿಡಿದುಕೊಂಡ ಮೇಲೆ ಮನೆಯಲ್ಲೇ ಇದ್ದಾರೆ, ಅವರ ಕರಣೆ ನನ್ನ ಚೀಲದಲ್ಲಿರುತ್ತದೆ. ಗೋಡೆ ಅಂದರೆ ಕನ್ನಡಿ ಹಾಗಿರಬೇಕು ಎಂದು ಅವರ ಕೈಕೆಳಗೆ ಕಲಿತವಳು ನಾನು. ನೀರು ಚಿಮುಕಿಸಿ, ಕರಣೆ ಎಳೆದು, ನಾಲ್ಕನೇ ಗುಂಡಿಯ ಗೋಡೆಯನ್ನು ಮೇಲಿಂದ ಕೆಳಗೆ ನುಣ್ಣಗೆ ಮಾಡಿಟ್ಟೆ. ಒಂದೂವರೆ ಗಂಟೆ ಹಿಡಿಯಿತು. ನೋಡಿದರೆ ನನಗೇ ಹೆಮ್ಮೆ.

ಸಾರ್ ಬಂದರು. ಕನ್ನಡಕ ಏರಿಸಿದರು, ಇಳಿಸಿದರು.

"ಇದೇನಮ್ಮಾ, ಮಣ್ಣಿಗೆ ಪೌಡರ್ ಹಚ್ಚಿ ಮದುವೆಗೆ ಕಳಿಸ್ತಿದ್ದೀಯಾ?"

ತೋಡುವವರಿಬ್ಬರೂ ನಕ್ಕರು. ಸಾರ್ ನಗಲಿಲ್ಲ. ಮಣ್ಣು ತಾನಾಗಿ ಹೇಗೆ ಒಡೆಯುತ್ತದೆ ಎಂದು ನೋಡುವುದೇ ಅವರ ಕೆಲಸವಂತೆ. ನಾನು ಅದನ್ನೇ ಅಳಿಸಿಬಿಟ್ಟಿದ್ದೆ. ಚಾಕುವಿನ ತುದಿಯಿಂದ ಮೆಲ್ಲಗೆ ಕೆದಕಿ ಉದುರಿಸಬೇಕು, ಉಜ್ಜಬಾರದು. ಅವರೇ ಇಳಿದು ಮತ್ತೆ ಕೆದಕಿದರು. ನಾನು ಏಣಿ ಹಿಡಿದು ನಿಂತಿದ್ದೆ. ಕಿವಿ ಸುಡುತ್ತಿತ್ತು.


ಮೇ 9, ಶನಿವಾರ. ಮಧ್ಯಾಹ್ನ

ಐದನೇ ಗುಂಡಿ. ಬರೀ ಚಾಕು. ಸಾರ್ ನೋಡಿ "ಹೂಂ" ಅಂದರು. ಅವರ "ಹೂಂ" ಅಂದರೆ ಬೇರೆಯವರ ಶಹಬ್ಬಾಸ್.

ಮಾತಾಡುವವರು ಅವರು, ಕೇಳುವವಳು ನಾನು. ಇಬ್ಬರಿಗೂ ಅನುಕೂಲ. ಈ ಬಯಲಿಗೆ ವರ್ಷದಲ್ಲಿ ನಾಲ್ಕು ಮಳೆ ಬಂದರೆ ಹೆಚ್ಚು. ಆದರೂ ಕೆಳಗಿನ ಮಣ್ಣು ಬೂದು ಬಣ್ಣ. ಅಂದರೆ ನದಿ ಉಕ್ಕಿದಾಗ ನುಗ್ಗಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ತಿಂಗಳುಗಟ್ಟಲೆ ನಿಂತಿತ್ತು, ಮಣ್ಣಿಗೆ ಉಸಿರಾಡಲು ಆಗಿರಲಿಲ್ಲ. ಬೂದು ಬಣ್ಣದ ನಡುವೆ ತುಕ್ಕಿನ ಬಣ್ಣದ ಚುಕ್ಕೆಗಳು. ಹಳೆಯ ಬೇರು ಇದ್ದ ತೂತಿನಲ್ಲಿ ಗಾಳಿ ಇಳಿದು ಕಬ್ಬಿಣ ತುಕ್ಕು ಹಿಡಿದದ್ದು. ಸುಣ್ಣದ ಹರಳುಗಳು, ಹುರಿಗಡಲೆಯಷ್ಟು. ಮೇಲೆ, ನೀರು ಆರಿದಲ್ಲಿ, ಬೆರಳಿಗೆ ಅಂಟುವ ಬಿಳಿ ಉಪ್ಪು.

"ಇದೆಲ್ಲ ಪರವಾಗಿಲ್ಲ. ಭಯ ಇರೋದು ಹೊಳಪಿನದು" ಅಂದರು.

ಹೊಳಪು ಅಂದರೆ — ಈ ಜೇಡಿ ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಉಬ್ಬುವಾಗ ಪಕ್ಕದ ಮಣ್ಣನ್ನು ತಳ್ಳುತ್ತದೆ, ಜಾಗ ಇಲ್ಲದೆ ಒಂದರ ಮೇಲೊಂದು ಉಜ್ಜಿಕೊಳ್ಳುತ್ತದೆ. ಉಜ್ಜಿ ಉಜ್ಜಿ ಒಳಗೇ ನುಣುಪಾದ ಮುಖಗಳು ಆಗಿರುತ್ತವೆ. ಒಣಗಿದಾಗ ಕಲ್ಲು. ಒದ್ದೆಯಾದರೆ ಸೋಪಿನ ಮೇಲೆ ಸೋಪು.

"ಹೊಳಪು ಕಂಡ್ರೆ ಟ್ರೆಂಚ್‌ನ ಎರಡೂ ಕಡೆ ಹಲಗೆ ಕಟ್ಟಬೇಕು. ಇಲ್ಲದಿದ್ರೆ ಬೇಡ. ನನ್ನ ಹಾಳೆಯಲ್ಲಿ ಒಂದು ಮಾತು, ಅಷ್ಟೇ. ಇದೆ, ಇಲ್ಲ."

ಐದರಲ್ಲಿ ಇದೆ, ಉಗುರಿನಷ್ಟೇ.


ಮೇ 14, ಗುರುವಾರ. ಸಂಜೆ

ಹೇಗೆ ಬರೆಯುವುದೋ.

ಏಳನೇ ಗುಂಡಿ. ಬಯಲಿನಲ್ಲಿ ಎಲ್ಲಕ್ಕಿಂತ ತಗ್ಗು ಜಾಗ. ಬೆಳಿಗ್ಗೆಯಿಂದ ಚಾಕುವಿನಲ್ಲೇ ಕೆದಕಿದೆ. ಸೊಂಟದ ಕೆಳಗೆ ಬರುತ್ತಿದ್ದ ಹಾಗೆ ಮಣ್ಣು ಓರೆ ಓರೆಯಾಗಿ ಬಿಟ್ಟುಕೊಂಡಿತು. ಒಳಗಿನ ಮುಖ ಬಿಸಿಲಿಗೆ ಮಿಂಚಿತು. ಅಂಗೈ ಇಟ್ಟೆ, ತಣ್ಣಗೆ, ನುಣ್ಣಗೆ. ಮೇಲೆ ಸಣ್ಣ ಗೆರೆಗಳು. ಸಾರ್ ಹೇಳಿದ್ದು ಇದೇ ಎಂದು ಗೊತ್ತಾಯಿತು. ತೋರಿಸಬೇಕು ಎಂದು ಕಾದೆ.

ಸಾರ್‌ಗೆ ಮೂರು ದಿನದಿಂದ ಮಂಡಿ ಊದಿದೆ. ಏಣಿ ಇಳಿಯಲಿಲ್ಲ, ಮೇಲಿಂದಲೇ ಬಗ್ಗಿ ನೋಡಿದರು. ಹೊಳಪು ಕಂಡಿತು. ಆಮೇಲೆ ನನ್ನ ಚೀಲ ಕಂಡಿತು. ಅದರಿಂದ ಕರಣೆಯ ಹಿಡಿ ಹೊರಗೆ ಚಾಚಿಕೊಂಡಿತ್ತು.

"ಮತ್ತೆ ಶುರು ಮಾಡಿದೆಯಾ?"

ನಾನು ಬಾಯಿ ತೆರೆದೆ.

"ಪರವಾಗಿಲ್ಲ ಬಿಡಮ್ಮ. ಅಭ್ಯಾಸ, ಏನ್ಮಾಡ್ತೀಯ" ಅಂದರು. ಬೈಯಲಿಲ್ಲ. ಮೇಲ್ಗಡೆಯ ಮಣ್ಣನ್ನು ತಾವೇ ಚಾಕುವಿನಿಂದ ಒಂದು ಗೇಣು ಕೆದಕಿದರು. ಅಲ್ಲಿ ಪುಡಿ ಮಣ್ಣು, ಹೊಳಪಿಲ್ಲ. ವ್ಯಾನ್ ಡ್ರೈವರ್ ಹಾರ್ನ್ ಹೊಡೆದ. ಎಂಟನೇ ಗುಂಡಿ ಬಾಕಿ, ಹಾಳೆ ಸೋಮವಾರ ಹೋಗಬೇಕು. ಸಾರ್ ಪೆನ್ ತೆಗೆದು 'ಇಲ್ಲ' ಎಂದು ಬರೆದರು.

ನಾನು ಗುಂಡಿಯೊಳಗೆ ನಿಂತೇ ಇದ್ದೆ. ಬೈದಿದ್ದರೆ ಅಳುತ್ತಾ ಆದರೂ ಹೇಳುತ್ತಿದ್ದೆನೇನೋ. ಪರವಾಗಿಲ್ಲ ಅಂದುಬಿಟ್ಟರು.

ಅವರೇ ಓದಿದವರು. ನಾನು ನೋಡಿದ್ದೇ ತಪ್ಪಿರಬಹುದು.

ತಪ್ಪಿಲ್ಲ.


ಮೇ 29, ಶುಕ್ರವಾರ. ಸಂಜೆ ಏಳು

ಎರಡು ವಾರ ಬರೆಯಲಿಲ್ಲ. ಬರೆಯಲು ಕೂತರೆ ಅದೇ ಬರುತ್ತದೆ ಎಂದು ಕೂರಲಿಲ್ಲ.

ಗುಂಡಿಗಳನ್ನು ಮುಚ್ಚಿಯಾಯಿತು. ಹಾಳೆಗಳು ಹೋದವು. ನಾನೀಗ ಆಫೀಸಿನ ಹಿಂದಿನ ಕೋಣೆಯಲ್ಲಿ ಮಣ್ಣು ಒಣಗಿಸಿ, ಕುಟ್ಟಿ, ಜರಡಿ ಹಿಡಿಯುತ್ತೇನೆ.

ಇವತ್ತು ಅಣ್ಣ ಬಾಗಿಲಲ್ಲೇ ಚಪ್ಪಲಿ ಎಸೆದು ಒಳಗೆ ಬಂದ. ಟ್ರೆಂಚ್ ಕೆಲಸ ಸಿಕ್ಕಿದೆ. ಆಗಲೇ ಐದನೇ ಗುಂಡಿ ದಾಟಿರುವ ಗ್ಯಾಂಗ್, ಇವನೂ ಸೇರಿ ಹನ್ನೊಂದು ಜನ. ಮೇಸ್ತ್ರಿ ಕೊರಳಿಗೆ ಸೀಟಿ ಕಟ್ಟಿಕೊಂಡೇ ಓಡಾಡುತ್ತಾನಂತೆ, ಮಾತಿಗಿಂತ ಅದನ್ನೇ ಹೆಚ್ಚು ಊದುತ್ತಾನಂತೆ. ಅದಕ್ಕೆ ಎಲ್ಲರೂ ಸೀಟಿ ಅಂತಲೇ ಕರೆಯುವುದು.

"ಎಷ್ಟು ದಿನದ ಕೆಲಸ?" ಅತ್ತಿಗೆ ಕೇಳಿದಳು.

"ಬೇಗ ಮುಗಿಯುತ್ತೆ. ಆರನೇ ಗುಂಡಿ ದಾಟಿದ ಮೇಲೆ ಹಲಗೆ ಕಟ್ಟೋ ತಾಪತ್ರಯ ಇಲ್ಲವಂತೆ. ನಮ್ಮ ಪಿಸು ಇದ್ದಾಳಲ್ಲ, ಅವಳ ಸಾರೇ ಬರೆದುಕೊಟ್ಟಿದ್ದಾರಂತೆ."

ಪಿಸು ಅಂದರೆ ನಾನು. ಚಿಕ್ಕಂದಿನಲ್ಲಿ ಎಲ್ಲ ಮಾತನ್ನೂ ಅಮ್ಮನ ಕಿವಿಯಲ್ಲೇ ಪಿಸುಗುಟ್ಟುತ್ತಿದ್ದೆನಂತೆ. ಅಮ್ಮ ಹೋದ ಮೇಲೆ ಆ ಕಿವಿಯೂ ಇಲ್ಲ.

"ಏನೇ, ಖುಷಿ ಇಲ್ವಾ? ನಿನ್ನ ದೆಸೆಯಿಂದ ನಮಗೆ ಹಲಗೆ ಹೊರೋದು ತಪ್ಪಿತು."

ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಹಿತ್ತಲಿಗೆ ಹೋದೆ.


ಜೂನ್ 2, ಮಂಗಳವಾರ. ಸಂಜೆ

ಅಣ್ಣನಿಗೆ ಹೇಳಿದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಅವನು ಕಾಲು ತೊಳೆಯುತ್ತಿದ್ದಾಗ. ಏಳನೇ ಗುಂಡಿ ಹತ್ತಿರ ಹಲಗೆ ಬೇಕು, ಮಣ್ಣು ಜಾರುತ್ತೆ.

"ಯಾವುದು, ಆ ಮಣ್ಣಾ? ಗುದ್ದಲಿ ಹಾಕಿದ್ರೆ ಗುದ್ದಲಿಯೇ ವಾಪಸ್ ಬರ್ತಿದೆ ಕಣೇ. ಅಂಗೈ ನೋಡು." ಬೊಬ್ಬೆ ಎದ್ದಿತ್ತು. "ಅದು ಬೀಳೋ ಹಾಗಿದ್ರೆ ನಾನೇ ಹೋಗಿ ದಯವಿಟ್ಟು ಬೀಳಪ್ಪಾ ಅಂತ ಕೈಮುಗೀತಿದ್ದೆ."

ನಕ್ಕ. ನಾನು ನಗಲಿಲ್ಲ. ಅವನು ನನ್ನ ಮುಖ ನೋಡಿ, "ನಿಮ್ಮ ಸಾರ್ ಇಲ್ಲ ಅಂತ ಬರೆದಿಲ್ವಾ?" ಅಂದ.

ಬರೆದಿದ್ದಾರೆ.

"ಮತ್ತೆ?"

ಮತ್ತೆ ಏನು ಹೇಳಲಿ. ನನ್ನ ಮೌನದಿಂದ ಬರೆದರು ಎಂದು ಹೇಳಲು ಬಾಯಿ ಬರಲಿಲ್ಲ.

ಟೀ ಹೊತ್ತಿನಲ್ಲಿ ಹೋಗಿ ನೋಡಿ ಬಂದಿದ್ದೆ. ಈಗ ಆರನೇ ಗುಂಡಿ ದಾಟಿದ್ದಾರೆ. ಅಲ್ಲಿವರೆಗೂ ಎರಡೂ ಕಡೆ ಹಲಗೆ, ನಡುವೆ ಅಡ್ಡ ಮರ. ಅಲ್ಲಿಂದ ಮುಂದೆ ಬರೀ ಮಣ್ಣಿನ ಗೋಡೆ, ಎರಡಾಳು ಎತ್ತರ. ಮೇಲಿನ ನೆಲದಲ್ಲಿ ಬಿರುಕುಗಳು. ಒಂದರಲ್ಲಿ ಕೈ ಇಳಿಸಿದೆ. ಮೊಣಕೈವರೆಗೂ ಹೋಯಿತು.

ಮೇಲಿನ ಊರುಗಳಲ್ಲಿ ಜೋರು ಮಳೆಯಂತೆ. ಇಲ್ಲಿ ಆಕಾಶ ತೊಳೆದಿಟ್ಟ ಹಾಗಿದೆ, ನದಿಯಲ್ಲಿ ಬರೀ ಮರಳು. ಆದರೆ ವಾರದೊಳಗೆ ನೀರು ಬರುತ್ತದೆ ಎಂದು ಸುದ್ದಿ. ಅದಕ್ಕೇ ಸೀಟಿ ಮೇಸ್ತ್ರಿ ಎಲ್ಲರನ್ನೂ ಓಡಿಸುತ್ತಿದ್ದಾನೆ. ನೀರು ಬರುವುದರೊಳಗೆ ತಗ್ಗು ದಾಟಬೇಕು.

ದಿನಕ್ಕೆ ಹನ್ನೆರಡು ಮಾರು. ಏಳನೇ ಗುಂಡಿಗೆ ಇನ್ನು ಮೂರು ದಿನ.


ಜೂನ್ 4, ಗುರುವಾರ. ಬೆಳಿಗ್ಗೆ ಹನ್ನೊಂದು

ಸಾರ್ ಬೇರೆ ಊರಿನ ಆಫೀಸಿಗೆ ಹೋಗಿದ್ದಾರೆ, ಬರುವುದು ಶನಿವಾರ. ಅತ್ತಿಗೆಯ ಫೋನ್ ತೆಗೆದುಕೊಂಡು ಹಿತ್ತಲಿಗೆ ಹೋಗಿ ಡಯಲ್ ಮಾಡಿದೆ.

"ಹಲೋ."

ನಾನು ಉಸಿರಾಡಿದೆ. ಅಷ್ಟೇ ಆಯಿತು. ಕಟ್ ಮಾಡಿದೆ.

ಎರಡನೇ ಸಲ. "ಹಲೋ, ಯಾರು? ಮಾತಾಡಿ." ಕಟ್ ಮಾಡಿದೆ.

ಆಮೇಲೆ ಅವರೇ ಮಾಡಿದರು. ಅಷ್ಟರಲ್ಲಿ ಫೋನ್ ಅತ್ತಿಗೆ ಕೈಗೆ ಹೋಗಿತ್ತು. "ಯಾರ್ರೀ ನೀವು, ಹೆಂಗಸರ ನಂಬರಿಗೆ ಫೋನ್ ಮಾಡೋಕೆ ನಾಚಿಕೆ ಆಗಲ್ವಾ? ಇಡ್ರೀ ಫೋನು" ಎಂದು ಬೈದು ಇಟ್ಟಳು.

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.


ಜೂನ್ 5, ಶುಕ್ರವಾರ. ಸಂಜೆ ಆರು

ನಿನ್ನೆ ಟ್ರೆಂಚ್ ಪಕ್ಕದ ರಾಶಿಯಿಂದ ಒಂದು ಹೆಂಟೆ ಎತ್ತಿಕೊಂಡು ಬಂದಿದ್ದೆ, ತೆಂಗಿನಕಾಯಿ ಗಾತ್ರದ್ದು. ಯಾಕೆ ಎಂದು ನನಗೇ ಗೊತ್ತಿರಲಿಲ್ಲ. ಹಿತ್ತಲ ಕಟ್ಟೆಯ ಮೇಲಿತ್ತು. ಇವತ್ತು ಬಿಸಿಲಿಗೆ ಬಿರಿದಿತ್ತು. ಎತ್ತಲು ಹೋದರೆ ಎರಡು ಹೋಳಾಯಿತು.

ಒಳಗೆ ಹೊಳಪು. ಹೊರಗೆ ಬರೀ ಗುದ್ದಲಿ ಗಾಯ, ಒರಟು. ಒಳಗೆ ಕನ್ನಡಿ.

ಅಲ್ಲೇ ಕೂತುಬಿಟ್ಟೆ. ಹೆಂಟೆಯ ಹೊಟ್ಟೆಯೊಳಗೆ ಯಾರ ಕರಣೆ ಹೋಗುತ್ತದೆ?

ಅಪ್ಪನಿಗೆ ಕೊಟ್ಟೆ. ಹೆಬ್ಬೆರಳಿನಿಂದ ಸವರಿದರು. ಕಣ್ಣಿನ ಹತ್ತಿರ ತಂದರು. ಬೇರೆಯವರ ಗಾರೆಯಲ್ಲಿ ಹುಳುಕು ಹುಡುಕುವಾಗಿನ ಮುಖ.

"ಕರಣೆ ಕೆಲಸ ಅಲ್ಲ ಇದು. ಕರಣೆ ಗೆರೆ ಬಾಗುತ್ತೆ, ಕೈ ತಿರುಗುತ್ತಲ್ಲ. ಇದು ನೆಟ್ಟಗೆ ಒಂದೇ ಕಡೆ ಎಳೆದುಕೊಂಡು ಹೋಗಿದೆ. ಯಾರು ಉಜ್ಜಿದ್ದು?"

"ಮಣ್ಣೇ."

"ಹಾಗಾದ್ರೆ ನನಗಿಂತ ಒಳ್ಳೆ ಕೆಲಸಗಾರ" ಅಂದರು. ಆಮೇಲೆ ನನ್ನನ್ನು ನೋಡಿದರು. "ಅಣ್ಣ ಇಳಿದಿರೋ ಕಡೇದಾ ಇದು?"

ತಲೆಯಾಡಿಸಿದೆ. ಅಪ್ಪ ಹೋಳುಗಳನ್ನು ಮೆಲ್ಲಗೆ ಜೋಡಿಸಿ ಬಟ್ಟೆಯಲ್ಲಿ ಕಟ್ಟಿಕೊಟ್ಟರು.


ಜೂನ್ 6, ಶನಿವಾರ. ಸಂಜೆ ಐದು

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಒಂಬತ್ತಕ್ಕೆ ಸಾರ್ ಟೇಬಲ್ ಮುಂದೆ ನಿಂತೆ. ಗಂಟು ಇಟ್ಟೆ.

"ಏನಮ್ಮ ಇದು?"

ಬಟ್ಟೆ ಬಿಚ್ಚಿದೆ. ಒಂದು ಹೋಳು ಇನ್ನೂ ಒಡೆಯದೆ ದಪ್ಪಗಿತ್ತು. ಅದನ್ನು ಅವರ ಕಡೆ ತಳ್ಳಿ, ಚಾಕು ಚಾಚಿದೆ. ಸಾರ್ ನನ್ನನ್ನು ನೋಡಿದರು, ಚಾಕು ತೆಗೆದುಕೊಂಡರು, ತುದಿ ಚುಚ್ಚಿ ತಿರುಗಿಸಿದರು. ಬಾಯಿ ಬಿಟ್ಟ ಹಾಗೆ ಬಿಟ್ಟುಕೊಂಡಿತು. ಒಳಗೆ ಹೊಳೆಯಿತು.

ಹೊಳೆಯುವ ಮುಖದ ಮೇಲೆ ಹೆಬ್ಬೆರಳು ಆಡಿಸಿದರು.

"ಎಲ್ಲಿಂದ?"

"ಏಳರ ಹತ್ತಿರ."

"ಏಳರಲ್ಲಿ ನೀನು ಕರಣೆ..."

"ಕರಣೆ ಚೀಲದಲ್ಲೇ ಇತ್ತು ಸಾರ್. ತೆಗೀಲಿಲ್ಲ."

ಅವರ ಮುಂದೆ ನಾನು ಪೂರ್ತಿ ಆಡಿದ ಮೊದಲ ಮಾತು ಅದೇ ಇರಬೇಕು.

"ಅವತ್ತೇ ಯಾಕೆ ಹೇಳಲಿಲ್ಲ?" ಅಂದರು. ಆಮೇಲೆ ತಾವೇ, "ನಾನು ಎಲ್ಲಿ ಹೇಳೋಕೆ ಬಿಟ್ಟೆ" ಅಂದರು. ಕೋಲು ತೆಗೆದುಕೊಂಡು ಎದ್ದರು. ಆಗ ಹೇಳಿದೆ, ಟ್ರೆಂಚ್‌ನೊಳಗೆ ನಮ್ಮ ಅಣ್ಣ ಇದ್ದಾನೆ ಅಂತ. ಇಬ್ಬರೂ ವ್ಯಾನ್ ಹತ್ತಿದೆವು.

ಟ್ರೆಂಚ್ ಏಳನೇ ಗುಂಡಿ ದಾಟಿ ನಾಲ್ಕು ಮಾರು ಹೋಗಿತ್ತು. ಹಲಗೆ ಇಲ್ಲ. ಹನ್ನೊಂದು ಜನರೂ ಕೆಳಗೆ. ಸಾರ್ ಎಲ್ಲರಿಗೂ ಕೇಳುವ ಹಾಗೆ, "ನನ್ನ ಹಾಳೆ ತಪ್ಪು. ಜನರನ್ನ ಮೇಲೆ ಹತ್ತಿಸಿ" ಅಂದರು.

ಸೀಟಿ ಮೇಸ್ತ್ರಿ ಹಲ್ಲು ಕಿರಿದ. "ಸಾರ್, ಕಾಗದದಲ್ಲಿ ಬೇಡ ಅಂದವರೂ ನೀವೇ, ಬಾಯಲ್ಲಿ ಬೇಕು ಅನ್ನೋರೂ ನೀವೇ. ನಾನು ಯಾರ ಮಾತು ಕೇಳಲಿ? ಎಂಜಿನಿಯರ್ ಸೋಮವಾರ ಬರ್ತಾರೆ. ಅವರ ಸೈನ್ ತನ್ನಿ."

"ಸೋಮವಾರದವರೆಗೂ ಈ ಗೋಡೆ ಕಾಯುತ್ತೆ ಅಂತ ನಿನಗೆ ಯಾರು ಹೇಳಿದ್ರು?"

"ಇದು ಕಲ್ಲು ಸಾರ್. ಕಲ್ಲಿಗೂ ಹಲಗೆ ಕಟ್ತಾರಾ?"

ಕೆಳಗಿನವರು ನಕ್ಕರು. ಅಣ್ಣನೂ. ಅವನ ತಲೆಯ ಮೇಲೆ, ಗೋಡೆಯಲ್ಲಿ, ಓರೆಯಾಗಿ ಒಂದು ಹೊಳಪು ಉದ್ದಕ್ಕೂ ಹೋಗಿತ್ತು. ಅವನಿಗೆ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು.

ಏಣಿ ಇಳಿದೆ. ಹೇಗೆ ಇಳಿದೆನೋ. ಸೀಟಿ ಊದುತ್ತಿದ್ದದ್ದು ಕೇಳಿಸಿತು. "ಏಯ್, ಹೆಣ್ಣುಮಕ್ಕಳು ಇಳಿಯೋ ಹಾಗಿಲ್ಲ." ಹೊಳಪಿನ ಕೆಳಗೆ ಹೋಗಿ ನೆಲದ ಮೇಲೆ ಕೂತೆ.

ಅಣ್ಣ ಬಂದು ಬಗ್ಗಿದ. "ಎದ್ದೇಳೇ ಪಿಸು. ಎಲ್ಲರೂ ನೋಡ್ತಿದ್ದಾರೆ, ಮಾನ ಹೋಗ್ತಿದೆ."

"ನೀನು ಹತ್ತಿದ್ರೆ ಹತ್ತುತೀನಿ."

"ಹುಚ್ಚು ಹಿಡಿದಿದೆಯಾ?"

"ನೀನು ಹತ್ತು."

ಗುದ್ದಲಿ ಬಿಸಾಡಿದ. ಬೈದ. ನನ್ನ ರಟ್ಟೆ ಹಿಡಿದು ಎಳೆದ, ನಾನು ಪೈಪ್ ತಬ್ಬಿಕೊಂಡೆ. ಯಾರೋ ಹಿಂದಿನಿಂದ "ಇವತ್ತು ನಿಮ್ಮ ಮನೆ ಪಂಚಾಯಿತಿ ಇಲ್ಲೇನಪ್ಪಾ?" ಅಂದರು. ಕೊನೆಗೆ ಅಣ್ಣ ಹತ್ತಿದ. ಅವನು ಹತ್ತಿದ ಮೇಲೆ ಪಕ್ಕದವನು ಹತ್ತಿದ, ಇನ್ನೊಬ್ಬ ಹತ್ತಿದ. ಜನ ಕಡಿಮೆಯಾದ ಮೇಲೆ ಉಳಿದವರಿಗೂ ಕೆಳಗೆ ನಿಲ್ಲಲು ಮನಸ್ಸಾಗಲಿಲ್ಲ.

ನಾನು ಕೊನೆಯವಳು. ಗೋಡೆ ಬೀಳಲಿಲ್ಲ. ಒಂದು ಹರಳೂ ಉದುರಲಿಲ್ಲ.


ಜೂನ್ 9, ಮಂಗಳವಾರ. ಸಂಜೆ

ಎಂಜಿನಿಯರ್ ಬಂದರು. ಸಾರ್ ಹೊಸ ಹಾಳೆ ಕೊಟ್ಟರು. ಹಳೆಯದರಲ್ಲಿ 'ಇಲ್ಲ' ಎಂಬುದನ್ನು ಹೊಡೆದುಹಾಕಿ 'ಇದೆ' ಎಂದು ಬರೆದು, ಪಕ್ಕದಲ್ಲಿ 'ನೋಡಿದವನ ತಪ್ಪು' ಎಂದು ಸೈನ್ ಹಾಕಿದ್ದಾರೆ. ನೋಡಿದವನು ಎಂದರೆ ಅವರೇ. ಆಫೀಸಿನಲ್ಲಿ ಮೇಲಿನವರು ಬಾಗಿಲು ಹಾಕಿಕೊಂಡು ಅವರನ್ನು ಮಾತಾಡಿಸಿದರು. ಹೊರಗೆ ಬಂದಾಗ ಮುಖ ಸಣ್ಣದಾಗಿತ್ತು.

ಪೈಪ್ ಹೂತು ಮುಗಿದಿದ್ದ ಐದನೇ ಗುಂಡಿ ಹತ್ತಿರದ ಹಲಗೆಗಳು ಏಳಕ್ಕೆ ಬಂದವು. ಹೊತ್ತವರು ಇದೇ ಹನ್ನೊಂದು ಜನ. ಎರಡು ದಿನದ ಕೆಲಸ ಕೈತಪ್ಪಿತು. ಅಣ್ಣನಿಗೆ ದಿನವೂ ಮಾತು ಕೇಳಬೇಕು. "ನಿನ್ನ ತಂಗಿಗೆ ಒಂದು ಸೀಟಿ ಕೊಡಿಸಪ್ಪಾ, ಮೇಸ್ತ್ರಿ ಮಾಡೋಣ."

ಅಣ್ಣ ನನ್ನ ಹತ್ತಿರ ಮಾತಾಡುತ್ತಿಲ್ಲ. ನೀರು ಬೇಕಾದರೂ ಅತ್ತಿಗೆಯನ್ನು ಕೇಳುತ್ತಾನೆ.

ಹೊಸ ಹಾಳೆಯಲ್ಲಿ ಇನ್ನೊಂದು ಮಾತಿದೆ — ಕೆಲಸ ನಡೆಯುವಾಗ ಮೇಲಿನ ನೆಲ ನೋಡಿಕೊಳ್ಳಲು ಒಬ್ಬರು ಇರಬೇಕು. ಸೀಟಿ ಮೇಸ್ತ್ರಿ, "ನನ್ನ ಹತ್ತಿರ ಹೆಚ್ಚಿನ ಜನ ಇಲ್ಲ. ಅಷ್ಟು ಭಯ ಇದ್ರೆ ಆ ಹುಡುಗಿಯನ್ನೇ ಕೂರಿಸಿ" ಅಂದ. ಚುಚ್ಚಲು ಅಂದದ್ದು. ಸಾರ್ "ಆಯ್ತು" ಅಂದುಬಿಟ್ಟರು.


ಜೂನ್ 11, ಗುರುವಾರ. ಸಂಜೆ

ನೀರು ಬಂತು. ಶಬ್ದವಿಲ್ಲದೆ. ಬೆಳಿಗ್ಗೆ ಮರಳು, ಹತ್ತಕ್ಕೆ ಕಂದು ನೀರು ದಡದವರೆಗೆ. ಮಧ್ಯಾಹ್ನದ ಹೊತ್ತಿಗೆ ಬಯಲಿನ ತಗ್ಗಿಗೆಲ್ಲ ಹರಡಿತು, ತಟ್ಟೆಯಲ್ಲಿ ಸುರಿದ ಹಾಗೆ. ಟ್ರೆಂಚ್ ಸುತ್ತ ಮಣ್ಣಿನ ಒಡ್ಡು ಹಾಕಿದ್ದರಿಂದ ಒಳಗೆ ನುಗ್ಗಲಿಲ್ಲ. ಆದರೆ ಬಿರುಕುಗಳು ಕುಡಿಯುತ್ತಿದ್ದವು. ಕಿವಿಯಿಟ್ಟರೆ ಗುಟುಕು ಕೇಳುತ್ತಿತ್ತು.

ಗೋಡೆ ನಿಂತಿದೆ. ಹಲಗೆ ನೆಟ್ಟಗಿದೆ. ಟೀ ಹೊತ್ತಿನಲ್ಲಿ ಒಬ್ಬ ನನ್ನ ಮುಂದೆ ಕೈ ಜೋಡಿಸಿ, "ಅಮ್ಮಾ ತಾಯಿ, ಯಾವತ್ತು ಬೀಳುತ್ತೆ, ಮುಹೂರ್ತ ಹೇಳಿ" ಅಂದ.

ಒಂದು ಕ್ಷಣ ಅನ್ನಿಸಿತು, ಬಿದ್ದೇಬಿಡಲಿ. ಎಲ್ಲರೂ ನೋಡಲಿ.

ಬರೆಯಲೂ ಕೈ ಬರುವುದಿಲ್ಲ. ಕೆಳಗೆ ಅಣ್ಣ ಇದ್ದ. ಅವನಿರುವ ಗೋಡೆ ಬೀಳಲಿ ಎಂದು ಬಯಸಿದವಳು ನಾನು.


ಜೂನ್ 12, ಶುಕ್ರವಾರ. ಸಂಜೆ

ಸಾರ್ ಕೋಲೂರಿಕೊಂಡು ಬಂದು ನೋಡಿದರು. ನಿಂತ ನೀರು ಒಂದು ಬೆರಳೂ ಇಳಿದಿಲ್ಲ. ಜೇಡಿ ಉಬ್ಬಿ ಬಿರುಕುಗಳೆಲ್ಲ ಮುಚ್ಚುತ್ತಿವೆ.

"ಚೆನ್ನಾಗಿ ನೋಡ್ಕೋ. ಒದ್ದೆಯಾದ ಮೇಲೆ ಎಲ್ಲ ಬಿರುಕೂ ಮುಚ್ಚಬೇಕು. ಯಾವುದಾದ್ರೂ ತೆರೀತಿದ್ರೆ ಅದು ಬೇರೆ. ಗೋಡೆ ಹೊರಟಿದೆ ಅಂತ."

ಹಲಗೆಯ ಹಿಂದೆ, ಒಂದು ಮಾರು ದೂರದಲ್ಲಿ, ಟ್ರೆಂಚ್‌ನ ಉದ್ದಕ್ಕೆ ಒಂದು ಬಿರುಕಿದೆ. ಮುಚ್ಚಿಲ್ಲ. ತೆರೆಯುತ್ತಿದೆಯೋ, ಹಾಗೇ ಇದೆಯೋ, ಬರೀ ಕಣ್ಣಿಗೆ ತಿಳಿಯುವುದಿಲ್ಲ.

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಹಳೆಯ ಮನೆಗಳ ಗೋಡೆ ಬಿರುಕು ಬಿಟ್ಟಾಗ ಅವರು ಅದರ ಮೇಲೆ ಅಡ್ಡಡ್ಡ ತೆಳ್ಳಗೆ ಗಾರೆ ಪಟ್ಟಿ ಹಾಕುತ್ತಿದ್ದದ್ದು ನೆನಪಿತ್ತು. ಬಿರುಕು ಬೆಳೆದರೆ ಪಟ್ಟಿ ಸೀಳಿ ತೋರಿಸುತ್ತಿತ್ತು.

"ಮಣ್ಣಿನ ಮೇಲೆ ಗಾರೆ ಕೂರಲ್ಲ. ಬಿರುಕಿನ ಎರಡೂ ಕಡೆ ಒಂದೊಂದು ಇಟ್ಟಿಗೆ ಹೂತು, ಇಟ್ಟಿಗೆಯಿಂದ ಇಟ್ಟಿಗೆಗೆ ಪಟ್ಟಿ ಎಳಿ. ಸಿಮೆಂಟ್ ಬೇಡ, ಪಿಓಪಿ ಹಾಕು, ಬೇಗ ಗಟ್ಟಿಯಾಗುತ್ತೆ. ನುಣ್ಣಗಿರಬೇಕು, ನುಣ್ಣಗಿದ್ರೇನೇ ಕೂದಲಿನಷ್ಟು ಬಿರುಕೂ ಕಾಣೋದು."

ಅಣ್ಣ ಆ ಕಡೆ ತಿರುಗಿ ಮಲಗಿದ್ದ. ನಿದ್ದೆ ಬಂದಿರಲಿಲ್ಲ.


ಜೂನ್ 13, ಶನಿವಾರ

ಏಳೂವರೆ. ಜನ ಬರುವ ಮೊದಲೇ ಬಂದೆ. ಮೂರು ಕಡೆ ಇಟ್ಟಿಗೆ ಹೂತು ಪಟ್ಟಿ ಎಳೆದೆ. ಕರಣೆ ಚೀಲದಿಂದ ಹೊರಗೆ ಬಂದದ್ದು ಎಷ್ಟೋ ದಿನಕ್ಕೆ. ಕನ್ನಡಿ ಹಾಗೆ ಮಾಡಿದೆ.

ಎಂಟೂವರೆ. ಹನ್ನೊಂದು ಜನ ಇಳಿದರು. ಅಣ್ಣ ಇಳಿಯುವ ಮುಂಚೆ ಪಟ್ಟಿ ಹತ್ತಿರ ನಿಂತ. "ಇದು ಅಪ್ಪನ ಕೆಲಸದ ಹಾಗಿದೆ" ಅಂದ. ನನಗೆ ಅಂದದ್ದೋ, ತನಗೆ ತಾನೇ ಅಂದುಕೊಂಡದ್ದೋ.

ಒಂಬತ್ತೂವರೆ. ಪಟ್ಟಿ ಸರಿಯಿದೆ. ಕೆಳಗೆ ಒಂದು ಹಲಗೆಯ ಹೊಟ್ಟೆ ಸ್ವಲ್ಪ ಮುಂದೆ ಬಂದ ಹಾಗೆ. ಅಡ್ಡ ಮರ ಹಲಗೆಯನ್ನು ಕಚ್ಚಿದೆ. ಮೇಸ್ತ್ರಿಗೆ ತೋರಿಸಿದೆ. "ಹಸಿ ಮರ, ಬಾಗುತ್ತೆ" ಅಂದ.

ಹತ್ತು. ಸರಿಯಿದೆ.

ಹತ್ತೂ ಇಪ್ಪತ್ತು. ನಡುವಿನ ಪಟ್ಟಿಯಲ್ಲಿ ಒಂದು ಗೆರೆ. ಕೂದಲು ಬಿದ್ದಿರಬೇಕು ಎಂದು ಊದಿದೆ. ಹೋಗಲಿಲ್ಲ. ಉಗುರು ಹಾಕಿ ನೋಡಿದೆ, ಉಗುರು ಸಿಕ್ಕಿಕೊಂಡಿ


ಜೂನ್ 16, ಮಂಗಳವಾರ. ಬೆಳಿಗ್ಗೆ

ಮೇಲಿನದು ಅರ್ಧಕ್ಕೆ ನಿಂತಿದೆ. ಅದು ಹಾಗೇ ಇರಲಿ.

ಅವತ್ತು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. 'ಅಣ್ಣಾ' ಅಂತ ಕೂಗಿದೆ ಎಂದು ಎಲ್ಲರೂ ಹೇಳುತ್ತಾರೆ, ಬರೀ ಅದೇ, ಮತ್ತೆ ಮತ್ತೆ. ಮೇಸ್ತ್ರಿ ಮೊದಲು ನನ್ನನ್ನು ನೋಡಿದ, ಆಮೇಲೆ ಪಟ್ಟಿ ನೋಡಿದ. ಅಷ್ಟರಲ್ಲಿ ಎರಡನೇ ಪಟ್ಟಿಯೂ ಟಪ್ ಎಂದಿತು. ಅವನು ಸೀಟಿ ಬಾಯಿಗಿಟ್ಟು ಉಸಿರು ಮುಗಿಯುವವರೆಗೂ ಊದಿದ. ಎಲ್ಲರೂ ಹತ್ತಿದರು. ಅಣ್ಣ ಒಬ್ಬನ ಕಾಲು ಕೆಸರಲ್ಲಿ ಸಿಕ್ಕಿಕೊಂಡದ್ದನ್ನು ಬಿಡಿಸಿ, ಕೊನೆಯವನಾಗಿ ಏಣಿ ಹತ್ತಿದ.

ಅರ್ಧ ಗಂಟೆ ಹಲಗೆಗಳು ನರಳುತ್ತಾ ನಿಂತಿದ್ದವು. ಆಮೇಲೆ ಗೋಡೆ ಇಡಿಯಾಗಿ, ಆತುರವಿಲ್ಲದೆ, ಜಾರಿ ಒಳಗೆ ಹೋಗಿ ಕೂತಿತು. ಹಲಗೆ, ಅಡ್ಡ ಮರ, ಹನ್ನೊಂದು ಗುದ್ದಲಿ, ಅಣ್ಣನ ಊಟದ ಡಬ್ಬಿ, ಎಲ್ಲ ಅಡಿಯಲ್ಲಿ. ಮಣ್ಣು ಬಿಟ್ಟುಕೊಂಡ ಜಾಗ ಬಿಸಿಲಿಗೆ ಹೊಳೆಯುತ್ತಿತ್ತು, ಉದ್ದಕ್ಕೂ. ಮುಹೂರ್ತ ಕೇಳಿದವನು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದ.

ಹಲಗೆ ಇಲ್ಲದಿದ್ದರೆ ಆ ಅರ್ಧ ಗಂಟೆ ಇರುತ್ತಿರಲಿಲ್ಲ ಎಂದು ಸಾರ್ ಆಮೇಲೆ ಹೇಳಿದರು.

ಮನೆಯಲ್ಲಿ ಅಣ್ಣ ತಟ್ಟೆ ಮುಂದೆ ಕೂತು ಬಹಳ ಹೊತ್ತು ಅನ್ನ ಕಲಸುತ್ತಲೇ ಇದ್ದ. ಕೊನೆಗೆ, "ನಿನ್ನ ದನಿ ಇಷ್ಟು ಕರ್ಕಶ ಅಂತ ಗೊತ್ತಿರಲಿಲ್ಲ ಕಣೇ. ಪಿಸುಗುಟ್ಟುತಿದ್ದದ್ದೇ ವಾಸಿ" ಅಂದ. ಅತ್ತಿಗೆ ಅವನ ತಲೆಗೆ ಮೊಟಕಿದಳು. ಅವನು ನೀರು ಕೇಳಿದ, ನನ್ನನ್ನೇ.

ನಿನ್ನೆಯಿಂದ ಕೆಲಸ ಮತ್ತೆ ಶುರು, ಎಂಟನೇ ಗುಂಡಿಯ ಕಡೆಯಿಂದ. ಎರಡು ಸಾಲು ಹಲಗೆ. ಅಣ್ಣ ಇಳಿಯುತ್ತಿದ್ದಾನೆ. ಬೇಡ ಎಂದು ಹೇಳಲು ಬಾಯಿ ಬಂತು, ಹೇಳಿದೆ. ಅವನು ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಹೊಸ ಪಟ್ಟಿ ಎಳೆದೆ, ನಾಲ್ಕು. ಹಸಿಯಿರುವಾಗಲೇ ಕರಣೆಯ ತುದಿಯಿಂದ ಒಂದೊಂದರ ಮೇಲೂ ತಾರೀಖು, ಗಂಟೆ ಬರೆದೆ. ಅಕ್ಷರ ಸೊಟ್ಟಗೇ ಬಂತು. ಸೀಟಿ ಮೇಸ್ತ್ರಿ ಬಗ್ಗಿ, ಬೆರಳಿಟ್ಟು, ಒಂದೊಂದೇ ಅಂಕಿ ಓದಿ, "ಈಗ ಇಳಿಸಬಹುದಾ?" ಎಂದು ನನ್ನನ್ನೇ ಕೇಳಿದ.